ಗದ್ದೆಗೆ ಇಳಿಯುವ ಮೊದಲು

ಕಾರ್ಕಳ
ಪತ್ತನಾಜೆ ಕಳೆದ ವಾರ



ಬೆಂಗಳೂರಿನ ಕೆಲಸ ಬಿಟ್ಟು ಕಾಪುವಿಗೆ ಬಂದಿದ್ದೀ, ಹಡಿಲು ಬಿದ್ದ ಗದ್ದೆಯಲ್ಲಿ ಈ ಮಳೆಗಾಲಕ್ಕೆ ಏಣಿಲು ಬೆಳೆ ತೆಗೆಯುತ್ತೇನೆಂದು ಹೊರಟಿದ್ದೀ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಿನ್ನ ಅಜ್ಜ ಉತ್ತ ಗದ್ದೆಯಲ್ಲಿ ಇಷ್ಟು ವರ್ಷ ಹುಲ್ಲು ಬೆಳೆದಿದ್ದನ್ನು ನೋಡಿ ಬೇಸರಪಟ್ಟವರಲ್ಲಿ ನಾನೂ ಒಬ್ಬಳು.

ಅವಳು ಇನ್ನೂ ಕೆಲವು ಮಾತು ಹೇಳಿದಳು. ನೀನು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಸ್ಯಾನಿಟೈಸರ್ ಹಚ್ಚುತ್ತೀಯಂತೆ. ನೆಗಡಿಯಾದರೆ ಬೇಕಾಗುತ್ತದೆಂದು ಆ್ಯಂಟಿಬಯೋಟಿಕ್ ಮಾತ್ರೆಯ ಪಟ್ಟಿಯೊಂದು ಬ್ಯಾಗಿನಲ್ಲೇ ಇದೆಯಂತೆ. ಆದರೆ ಗದ್ದೆಗೆ ಬೂಟು ಹಾಕು ಎಂದರೆ "ಅಜ್ಜ ಬರಿಗಾಲಲ್ಲೇ ಇಳಿಯುತ್ತಿದ್ದರಲ್ಲ" ಎನ್ನುತ್ತೀಯಂತೆ. ಮಗಾ, ಹೆದರಬೇಕಿಲ್ಲದ ಕಡೆ ನೀನು ಹೆದರಿದ್ದೀ, ಜಾಗ್ರತೆ ಬೇಕಾದ ಕಡೆ ಧೈರ್ಯ ತೋರಿಸುತ್ತಿದ್ದೀ. ಫೋನಿನಲ್ಲಿ ಹೇಳಿದರೆ "ಆಯ್ತು ದೊಡ್ಡಮ್ಮ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಸಾವಕಾಶವಾಗಿ ಕುಳಿತು ಓದು.

"ಮಣಿಪಾಲದ ಲ್ಯಾಬಿನಲ್ಲಿ ನಿನಗೆ ಏನು ಕೆಲಸ" ಎಂದು ನೀನು ಸಣ್ಣವನಿದ್ದಾಗ ನನ್ನನ್ನು ಕೇಳುತ್ತಿದ್ದೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ, ಈ ಕರಾವಳಿಯ ಕಾಯಿಲೆಗಳಿಗೆ ಒಂದೊಂದಾಗಿ ಹೆಸರು ಸಿಗತೊಡಗಿತು. ವಾರ್ಡಿನಿಂದ ರಕ್ತ, ಕಫ, ಮೂತ್ರ, ಕೀವು ನಮ್ಮ ಮೇಜಿಗೆ ಬರುತ್ತಿತ್ತು. ಅದರಲ್ಲಿ ಇರುವುದು ಯಾರೆಂದು ಗುರುತು ಹಿಡಿದು ಡಾಕ್ಟರಿಗೆ ತಿಳಿಸುವುದು ನಮ್ಮ ಕೆಲಸ. ನಿವೃತ್ತಿಯಾಗುವವರೆಗೂ ನಾನು ಮಾಡಿದ್ದು ಅದನ್ನೇ. ಆದ್ದರಿಂದ ಬ್ಯಾಕ್ಟೀರಿಯಾ ಎಂಬ ಮಾತು ಬಂದ ಕೂಡಲೇ "ಕೊಲ್ಲುವುದು ಹೇಗೆ" ಎಂದು ಕೇಳುವವರನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ಮೊದಲು ಕೇಳಬೇಕಾದ್ದು "ಯಾರು?" ಎಂದು. ಆಮೇಲೆ "ಎಲ್ಲಿದ್ದಾರೆ?" ಎಂದು. ಕೊಲ್ಲಬೇಕೋ ಸಾಕಬೇಕೋ ಎನ್ನುವುದು ಮೂರನೆಯ ಪ್ರಶ್ನೆ.

ಗುರುತು ಹಿಡಿಯುವ ಮೊದಲ ಹೆಜ್ಜೆ ಬಹಳ ಸರಳ. ಕೀವಿನ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಬೆಂಕಿಯ ಮೇಲೆ ಒಮ್ಮೆ ಆಡಿಸುತ್ತೇವೆ. ಅದರ ಮೇಲೆ ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲಿನಲ್ಲಿ ತೊಳೆತ, ಕೊನೆಗೆ ಗುಲಾಬಿ ಬಣ್ಣ. ಹೊರಗೋಡೆ ದಪ್ಪವಿದ್ದವು ನೇರಳೆಯನ್ನು ಬಿಡುವುದಿಲ್ಲ. ಗೋಡೆ ತೆಳುವಾಗಿದ್ದವು ನೇರಳೆಯನ್ನು ಕಳೆದುಕೊಂಡು ಗುಲಾಬಿಯಾಗುತ್ತವೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಎಂಬ ವೈದ್ಯ 1884ರಲ್ಲಿ ಹೇಳಿಕೊಟ್ಟ ಈ ವಿದ್ಯೆಯಿಂದಲೇ ಇವತ್ತಿಗೂ ಎಲ್ಲ ಲ್ಯಾಬುಗಳ ಬೆಳಗು ಶುರುವಾಗುತ್ತದೆ. ಯಾವ ಔಷಧಿ ನಾಟಬಹುದು ಎಂಬುದರ ಮೊದಲ ಸುಳಿವೂ ಆ ಎರಡು ಬಣ್ಣದಲ್ಲೇ ಸಿಗುತ್ತದೆ. ಸಾವಿರ ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಡಿ ಕಡ್ಡಿಗಳೂ ಉರುಟು ಚುಕ್ಕೆಗಳೂ ಕಾಣಿಸಿದಾಗ ಆಗುವ ಬೆರಗು ನನಗೆ ಕಡೆಯ ದಿನದವರೆಗೂ ಕಡಿಮೆಯಾಗಲಿಲ್ಲ. ಒಂದು ಮಿಲಿಮೀಟರ್ ಜಾಗದಲ್ಲಿ ಅವು ಐನೂರರಿಂದ ಸಾವಿರದಷ್ಟು ಸಾಲಾಗಿ ನಿಲ್ಲಬಲ್ಲವು.

ಅವುಗಳನ್ನು ಮೊದಲು ಕಂಡವನು ವೈದ್ಯನೂ ಅಲ್ಲ, ಪಂಡಿತನೂ ಅಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರದಲ್ಲಿ ಕಂಡದ್ದನ್ನು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಕೆಲವು ವರ್ಷಗಳ ಮೇಲೆ ತನ್ನ ಹಲ್ಲಿನ ಕೊಳೆಯನ್ನೇ ಕೆರೆದು ನೋಡಿ, ಅದರಲ್ಲೂ ಜೀವಿಗಳು ಓಡಾಡುತ್ತಿವೆ ಎಂದು ಬರೆದ. ಅಂದರೆ ಅವು ನಮ್ಮೊಳಗೇ ಇವೆ ಎಂದು ತಿಳಿದು ಮುನ್ನೂರು ವರ್ಷಗಳ ಮೇಲಾಯಿತು. 2016ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜಿನ ಪ್ರಕಾರ ಒಬ್ಬ ಮನುಷ್ಯನ ಮೈಯಲ್ಲಿ ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಹೆಚ್ಚಿನವು ದೊಡ್ಡ ಕರುಳಿನಲ್ಲಿ ವಾಸ ಮಾಡಿ, ನಮಗೆ ಜೀರ್ಣವಾಗದ ನಾರನ್ನು ತಿಂದು ಬದುಕುತ್ತವೆ. ಹೊಸದಾಗಿ ಬರುವ ಕೆಟ್ಟವುಗಳಿಗೆ ಅಲ್ಲಿ ಜಾಗ ಸಿಗದಂತೆ ನೋಡಿಕೊಳ್ಳುವುದೂ ಇವುಗಳೇ. ಬೇಡದ ಆ್ಯಂಟಿಬಯೋಟಿಕ್ ನುಂಗಿದಾಗ ಹೊಟ್ಟೆ ಕೆಡುವುದು, ಭೇದಿಯಾಗುವುದು ಯಾಕೆ ಎಂದರೆ, ಆ ಮಾತ್ರೆ ಇವುಗಳನ್ನೂ ಕೊಲ್ಲುತ್ತದೆ.

ಇನ್ನು ನಿನ್ನ ಗದ್ದೆಯ ವಿಚಾರ. ನೇಜಿ ನೆಟ್ಟು ಕೆಲವು ದಿನ ಕಳೆದ ಮೇಲೆ ನಿಂತ ನೀರಿನಲ್ಲಿ ನೀಲಿಹಸಿರು ಪಾಚಿ ಏಳುತ್ತದೆ. ಗದ್ದೆ ಗಲೀಜಾಯಿತೆಂದು ಅದನ್ನು ತೆಗೆಸಲು ಹೋಗಬೇಡ. ಪಾಚಿ ಎಂದು ಕರೆದರೂ ಅದು ಬ್ಯಾಕ್ಟೀರಿಯಾವೇ. ಮಳೆಗಾಲದಲ್ಲಿ ನಮ್ಮ ಮುರಕಲ್ಲಿನ ಕಾಂಪೌಂಡು ಗೋಡೆಗಳು ಕಪ್ಪಾಗುವುದಕ್ಕೂ ಅದರ ಬಂಧುಗಳೇ ಕಾರಣ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಈ ಕುಲದಿಂದ. ಭತ್ತದ ಗದ್ದೆಗೆ ಹಟ್ಟಿಗೊಬ್ಬರ ಬೀಳದಿದ್ದರೂ ವರ್ಷ ವರ್ಷ ಒಂದಿಷ್ಟು ಫಸಲು ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ನಮ್ಮ ದೇಶದ ಪಿ. ಕೆ. ಡೇ ಮೊದಲಿಗರು. ಗಾಳಿಯಲ್ಲಿರುವ ಸಾರಜನಕವನ್ನು ಈ ನೀಲಿಹಸಿರು ಪಾಚಿ ಗದ್ದೆಗೆ ಇಳಿಸುತ್ತದೆ ಎಂದು 1939ರಲ್ಲಿ ಅವರು ತೋರಿಸಿಕೊಟ್ಟರು.

ಸುಗ್ಗಿ ಕೊಯ್ಲು ಮುಗಿದ ಮೇಲೆ ಮಜಲು ಗದ್ದೆಯಲ್ಲಿ ಉಳಿದ ಪಸೆಗೆ ಉದ್ದು, ಹುರುಳಿ ಬಿತ್ತುತ್ತಿದ್ದರಲ್ಲ, ಅದನ್ನು ನೀನು ಬಿಡಬಾರದು. ಹೂ ಬರುವ ಹೊತ್ತಿಗೆ ಒಂದು ಉದ್ದಿನ ಗಿಡವನ್ನು ಎಳೆಯದೆ, ಮಣ್ಣು ಸಮೇತ ಅಗೆದು ತೆಗೆ. ಬೇರನ್ನು ಬಕೆಟಿನ ನೀರಿನಲ್ಲಿ ಅದ್ದಿ ಮೆಲ್ಲಗೆ ತೊಳೆ. ಬೇರಿಗೆ ಅಂಟಿದ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡು. ಒಳಗೆ ಹಸಿ ಮಾಂಸದ ಕೆಂಪು ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದು ಅರ್ಥ. ಬಿಳಿಯಾಗಿದ್ದರೆ ಗಂಟು ಕಟ್ಟಿದೆ, ಕೆಲಸ ಮಾಡುತ್ತಿಲ್ಲ. ಹಸಿರೋ ಕಂದೋ ಆಗಿದ್ದರೆ ಅದರ ಕಾಲ ಮುಗಿದಿದೆ. ನಮ್ಮ ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ನಿನ ದಾಯಾದಿಯೊಂದು ಆ ಗಂಟಿನಲ್ಲಿದೆ. ಆಮ್ಲಜನಕ ತಾಗಿದರೆ ಬ್ಯಾಕ್ಟೀರಿಯಾದ ಕೆಲಸ ಕೆಡುತ್ತದೆಂದು ಗಿಡವೇ ಆ ವ್ಯವಸ್ಥೆ ಮಾಡಿಕೊಂಡಿದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಯಾವ ಗಿಡವೂ ಅದನ್ನು ನೇರವಾಗಿ ತಿನ್ನಲಾರದು. ಗಂಟಿನೊಳಗಿನ ಬ್ಯಾಕ್ಟೀರಿಯಾ ಅದನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಹಾಲೆಂಡಿನ ಬೈಯರಿಂಕ್ ಎಂಬವರು 1888ರಲ್ಲಿ ಆ ಗಂಟಿನಿಂದ ಬ್ಯಾಕ್ಟೀರಿಯಾವನ್ನು ಬೇರೆ ಮಾಡಿ ಬೆಳೆಸಿದರು. ನಮ್ಮ ಹಿರಿಯರಿಗೆ ಅದರ ಹೆಸರು ಗೊತ್ತಿರಲಿಲ್ಲ, ಉದ್ದು ಬೆಳೆದ ಗದ್ದೆಯಲ್ಲಿ ಮುಂದಿನ ಭತ್ತ ಚೆನ್ನಾಗಿ ಬರುತ್ತದೆ ಎಂಬುದು ಗೊತ್ತಿತ್ತು.

ಆ ಉದ್ದು ಮನೆಗೆ ಬಂದು ಅರೆಯುವ ಕಲ್ಲಿಗೆ ಬಿದ್ದಾಗ ಬೇರೊಂದು ಗುಂಪಿನ ಕೈಗೆ ಸಿಗುತ್ತದೆ. ಅಷ್ಟಮಿಗೆ ಮುಂಡೇವಿನ ಓಲೆ ಸುತ್ತಿ ಮೂಡೆ ಮಾಡುವಾಗ ನಿನ್ನ ಅಮ್ಮ ಯಾವತ್ತಾದರೂ ಹಿಟ್ಟಿಗೆ ಯೀಸ್ಟು ಹಾಕಿದ್ದನ್ನು ನೋಡಿದ್ದೀಯಾ? ಉದ್ದು, ಅಕ್ಕಿಯ ಮೇಲೇ ಇದ್ದ ಬ್ಯಾಕ್ಟೀರಿಯಾ ರಾತ್ರಿಯಿಡೀ ಹಿಟ್ಟಿನಲ್ಲಿ ಬೆಳೆದು ಅದನ್ನು ಉಬ್ಬಿಸುತ್ತದೆ. ಮೊದಲು ಮೇಲುಗೈ ಪಡೆಯುವುದು ಲ್ಯೂಕೊನೋಸ್ಟಾಕ್ ಕುಲದ ಜಾತಿ. ಅದು ಅನಿಲ ಬಿಡುತ್ತದೆ, ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುಳಿ ಏರಿದ ಮೇಲೆ ಇನ್ನೂ ಹೆಚ್ಚು ಹುಳಿ ತಡೆಯುವ ಜಾತಿಗಳು ಬಂದು ಕೆಲಸ ಮುಂದುವರಿಸುತ್ತವೆ. ಈ ಸಂಗತಿಯನ್ನು 1965ರಲ್ಲಿ ಅಮೆರಿಕದಲ್ಲಿ ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದವರು ಪ್ರಯೋಗ ಮಾಡಿ ಬರೆದಿದ್ದಾರೆ. ಪ್ರಪಂಚದ ಮೂಲೆಮೂಲೆಗೆ ಹೋದ ಉಡುಪಿ ಹೋಟೆಲುಗಳ ಇಡ್ಲಿ, ದೋಸೆಯ ಹಿಂದೆ ಇರುವುದು ಅವುಗಳ ರಾತ್ರಿಪಾಳಿ. ಆಟಿಯ ಚಳಿಗೆ ಹಿಟ್ಟು ಉಬ್ಬದೆ ಕುಳಿತರೆ ಅಡುಗೆ ಸೋಡ ಹಾಕಬೇಡಿ, ಪಾತ್ರೆಯನ್ನು ಒಲೆಯ ಹತ್ತಿರ ಬೆಚ್ಚಗೆ ಇಟ್ಟು ಇನ್ನೆರಡು ಗಂಟೆ ಕಾಯಿರಿ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದೂ ಇದೇ ಲೆಕ್ಕ. ಕೊಳೆಸುವ ಜಾತಿಗಳು ಅಷ್ಟು ಉಪ್ಪನ್ನು ತಡೆಯುವುದಿಲ್ಲ, ಹುಳಿ ಮಾಡುವ ಜಾತಿಗಳು ತಡೆಯುತ್ತವೆ.

ಮೀನಿನ ವಿಷಯ ಬೇರೆ, ಅಲ್ಲಿ ಕಾಯುವುದೆಂಬುದು ಇಲ್ಲ. ಕಾಪು ಕಡಲಕರೆಯಲ್ಲಿ ಕೈರಂಪಣಿ ಎಳೆದಾಗ ಬರುವ ಬಂಗುಡೆಯನ್ನು ಕೂಡಲೇ ಐಸಿಗೆ ಹಾಕದೆ ಬಿಸಿಲಲ್ಲಿ ಬಿಟ್ಟರೆ, ಅದರ ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ವಸ್ತುವನ್ನು ಕೆಲವು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಂಥ ಮೀನು ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯತೊಡಗುತ್ತದೆ. "ನನಗೆ ಬಂಗುಡೆ ಆಗುವುದಿಲ್ಲ" ಎನ್ನುವ ಎಷ್ಟೋ ಜನರಿಗೆ ಆಗದೇ ಇದ್ದದ್ದು ಬಂಗುಡೆಯಲ್ಲ, ಐಸು ತಪ್ಪಿದ ಬಂಗುಡೆ. ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ ಎಂದರೆ, ಎಷ್ಟು ಕುದಿಸಿದರೂ ಬ್ಯಾಕ್ಟೀರಿಯಾ ಸಾಯುತ್ತದೆಯೇ ಹೊರತು ಅದು ಮಾಡಿಟ್ಟ ಹಿಸ್ಟಮಿನ್ ಹೋಗುವುದಿಲ್ಲ. ಬೆಚ್ಚನೆಯ ಜಾಗದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತವೆ. ಹಾಗೆ ತಡೆಯಿಲ್ಲದೆ ನಡೆದರೆ ಹತ್ತು ಗಂಟೆಯಲ್ಲಿ ಒಂದು ಹೋಗಿ 107 ಕೋಟಿಯಾಗುತ್ತದೆ. ಐಸು ಅವುಗಳನ್ನು ಕೊಲ್ಲುವುದಿಲ್ಲ, ಈ ಓಟವನ್ನು ತೀರಾ ನಿಧಾನ ಮಾಡುತ್ತದೆ.

ಮಟ್ಟುಗುಳ್ಳ ಬೆಳೆಯುವ ಆಸೆಯೂ ನಿನಗೆ ಇದೆಯಂತೆ. ಸೋದೆ ವಾದಿರಾಜರು ಬೀಜ ಕೊಟ್ಟರೆಂದು ಊರು ನಂಬುವ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಬದನೆ ನಿಮ್ಮ ತಾಲೂಕಿನ ಹೆಮ್ಮೆ. ಆದರೆ ಬದನೆಗೆ ಸೊರಗು ರೋಗದ ಕಾಟ. ಎಲೆ ಹಳದಿಯಾಗದೆ, ಹಸಿರಾಗಿದ್ದ ಹಾಗೆಯೇ ಗಿಡ ಬಾಡಿ ಬೀಳುತ್ತದೆ. ನೀರು ಸಾಲಲಿಲ್ಲವೆಂದು ಮತ್ತೆ ಮತ್ತೆ ನೀರು ಬಿಡುತ್ತಾರೆ, ಆ ನೀರಿನಲ್ಲೇ ರೋಗ ಪಕ್ಕದ ಗಿಡಕ್ಕೆ ಹೋಗುತ್ತದೆ. ಅಂಥ ಗಿಡ ಕಂಡರೆ ಬುಡದ ಹತ್ತಿರ ಒಂದು ಗೇಣು ಕಾಂಡ ಕಡಿದು, ಗಾಜಿನ ಲೋಟದ ತಿಳಿನೀರಿನಲ್ಲಿ ಕಡಿದ ತುದಿ ಮಾತ್ರ ಮುಳುಗುವಂತೆ ಅಲ್ಲಾಡಿಸದೆ ಹಿಡಿ. ಸ್ವಲ್ಪ ಹೊತ್ತಿನಲ್ಲಿ ತುದಿಯಿಂದ ಹಾಲಿನ ಬಣ್ಣದ ಎಳೆಯೊಂದು ಕೆಳಗೆ ಇಳಿಯತೊಡಗಿದರೆ ಅದು ರಾಲ್ಸ್ಟೋನಿಯ. ಗಿಡದ ನೀರಿನ ನಾಳದಲ್ಲಿ ತುಂಬಿಕೊಂಡ ಬ್ಯಾಕ್ಟೀರಿಯಾವೇ ಹಾಗೆ ಹೊರಗೆ ಹರಿಯುತ್ತದೆ. ಮೈಕ್ರೋಸ್ಕೋಪೂ ಬೇಡ, ಲ್ಯಾಬೂ ಬೇಡ. ಎಳೆ ಬಾರದಿದ್ದರೆ ಕಾರಣ ಬೇರೆ ಹುಡುಕಬೇಕು, ಶಿಲೀಂಧ್ರ ಇರಬಹುದು, ಬೇರು ಕೊಳೆತಿರಬಹುದು. ಯಾರೆಂದು ತಿಳಿಯದೆ ಅಂಗಡಿಯವರು ಕೊಟ್ಟ ಔಷಧಿ ಸಿಂಪಡಿಸಿ ದುಡ್ಡು ಕಳೆದುಕೊಳ್ಳಬೇಡ. ಸೊರಗು ಬಂದ ಗಿಡವನ್ನು ಬುಡ ಸಮೇತ ಕಿತ್ತು ಸುಡು. ಆ ಜಾಗದಲ್ಲಿ ಟೊಮೆಟೊ, ಮೆಣಸು ಹಾಕಬೇಡ, ಅವಕ್ಕೂ ಅದೇ ರೋಗ. ಭತ್ತದ ಬೆಳೆಯೊಂದು ನಡುವೆ ಬರಲಿ. ಕಾಡು ಸುಂಡೆಯ ಬುಡಕ್ಕೆ ಕಸಿ ಕಟ್ಟಿದ ಬದನೆ ಈ ರೋಗವನ್ನು ತಡೆಯುತ್ತದೆ, ಆ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸು.

ಬಾವಿಯ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ನಮ್ಮದು ಮುರಕಲ್ಲಿನ ನೆಲ, ಅದರಲ್ಲಿ ರಂಧ್ರಗಳೇ ಹೆಚ್ಚು. ಮಳೆಗಾಲದಲ್ಲಿ ಪಾಯಿಖಾನೆ ಗುಂಡಿಯ ನೀರು ಬಾವಿಯ ದಾರಿ ಹಿಡಿಯುವುದು ಸುಲಭ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಲೆಕ್ಕ. ಬಾವಿಯ ಅಡ್ಡಳತೆ 3 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಬಿಟ್ಟು ಕೊಡಪಾನದಿಂದ ಕಲಕಿರಿ. ಬೆಳಿಗ್ಗೆ ಸೇದಬಹುದು. ಕುಡಿಯುವ ನೀರನ್ನು ಹೇಗೂ ಕುದಿಸುತ್ತೀರಲ್ಲ, ಅದನ್ನು ಬಿಡಬೇಡಿ.

ಈಗ ಬರಿಗಾಲಿನ ಮಾತಿಗೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಜ್ವರವೆಂದರೆ ಇಲಿಜ್ವರದ ಹೆಸರು ಬಂದೇ ಬರುತ್ತದೆ. ಲೆಪ್ಟೋಸ್ಪೈರ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಸುರುಳಿ ಸುತ್ತಿದ ಸಪೂರ ಎಳೆ, ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಎಷ್ಟು ಸಪೂರವೆಂದರೆ ಗ್ರಾಂ ಬಣ್ಣ ಹಾಕಿದರೂ ಕಾಣುವುದಿಲ್ಲ, ಕತ್ತಲೆ ಹಿನ್ನೆಲೆಯ ಬೇರೆ ಮೈಕ್ರೋಸ್ಕೋಪು ಬೇಕು. ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ಅದು ಅವುಗಳಿಗೆ ಏನೂ ತೊಂದರೆ ಮಾಡದೆ ವಾಸವಾಗಿರುತ್ತದೆ. ಅವುಗಳ ಮೂತ್ರದಿಂದ ಗದ್ದೆಯ ನೀರಿಗೆ, ತೋಡಿನ ಕೆಸರಿಗೆ ಬರುತ್ತದೆ. ಒಣಗಿದರೆ ಸಾಯುತ್ತದೆ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ. ನೇಜಿ ನೆಡುವಾಗ ದಿನವಿಡೀ ನೀರಲ್ಲಿ ನೆನೆದು ಮೆತ್ತಗಾದ ಕಾಲು, ಒಡೆದ ಹಿಮ್ಮಡಿ, ಹುಲ್ಲು ಗೀರಿದ ಸಣ್ಣ ಗಾಯ ಅದಕ್ಕೆ ಸಾಕು. ಕೆಸರು ಕೈಯಿಂದ ಕಣ್ಣು ಒರೆಸಿಕೊಂಡರೂ ಸಾಕು.

ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದೊಳಗೆ ಜ್ವರ ಏಳುತ್ತದೆ. ತಲೆನೋವು, ಮೈಕೈ ನೋವು ಎಲ್ಲ ಜ್ವರದಲ್ಲೂ ಇರುತ್ತದೆ. ಇದರಲ್ಲಿ ಮೀನಖಂಡ ಮುಟ್ಟಿದರೆ ಚೀರುವಷ್ಟು ನೋಯುತ್ತದೆ, ಕಣ್ಣು ಕೀವಿಲ್ಲದೆ ಕೆಂಪಾಗುತ್ತದೆ. ಹೆಚ್ಚಿನವರಿಗೆ ಅಲ್ಲಿಗೇ ಇಳಿಯುತ್ತದೆ. ಕೆಲವರಿಗೆ ಕಾಮಾಲೆಯಾಗಿ, ಕಿಡ್ನಿ ನಿಂತು, ಶ್ವಾಸಕೋಶದಲ್ಲಿ ರಕ್ತಸ್ರಾವವಾಗುತ್ತದೆ. ಈ ಕಾಮಾಲೆಯನ್ನು 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ವಿವರಿಸಿದರು, ಕಾರಣವಾದ ಬ್ಯಾಕ್ಟೀರಿಯಾವನ್ನು 1915ರಲ್ಲಿ ಜಪಾನಿನ ಇನಾಡ ಮತ್ತು ಇಡೊ ಕಂಡುಹಿಡಿದರು. ಗಣಿ ಕೆಲಸಗಾರರಿಗೆ, ಗದ್ದೆ ಕೆಲಸದವರಿಗೆ ಬರುವ ಕಾಯಿಲೆಯಾಗಿ ಅದು ಆಗಲೂ ಇತ್ತು. ಬೇಗ ಗುರುತಿಸಿದರೆ ಪೆನಿಸಿಲಿನ್ ಅಥವಾ ಡಾಕ್ಸಿಸೈಕ್ಲಿನ್‌ನಂಥ ಹಳೆಯ, ಅಗ್ಗದ ಔಷಧಿಗಳಿಗೇ ಬಗ್ಗುತ್ತದೆ. ತಡವಾದಾಗಲೇ ಕಷ್ಟ. ಕಾಮಾಲೆ ಎಂದ ಕೂಡಲೇ ಮನೆಮದ್ದು ಹುಡುಕಿಕೊಂಡು ಹೋಗಿ, ಮೂತ್ರ ನಿಂತ ಮೇಲೆ ಮಣಿಪಾಲಕ್ಕೆ ಬಂದವರ ರಕ್ತವನ್ನು ನಾನು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ. ಸೊಂಟಕ್ಕೆ ಕಟ್ಟಿದ ಕೆಸರು ಲುಂಗಿಯಲ್ಲೇ ಬಂದ ಅಣ್ಣತಮ್ಮಂದಿರು ಹೊರಗೆ ಬೆಂಚಿನಲ್ಲಿ ರಿಪೋರ್ಟಿಗೆ ಕಾಯುತ್ತಿದ್ದರು. ನಿನ್ನ ಅಪ್ಪ ಅಮ್ಮ ಆ ಬೆಂಚಿನಲ್ಲಿ ಕೂರುವುದು ನನಗೆ ಬೇಡ.

ಇನ್ನೊಂದು ಕಾಯಿಲೆಯಿದೆ, ಅದರ ಹೆಸರು ನೀನು ಕೇಳಿರಲಿಕ್ಕಿಲ್ಲ. ಮೆಲಿಯಾಯ್ಡೋಸಿಸ್. 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಎಂಬ ವೈದ್ಯರೂ ಅವರ ಜೊತೆಗಾರ ಕೃಷ್ಣಸ್ವಾಮಿಯವರೂ ಇದನ್ನು ಮೊದಲು ಗುರುತಿಸಿದರು. ಇದನ್ನು ತರುವ ಬರ್ಖೋಲ್ಡೇರಿಯ ಎಂಬ ಬ್ಯಾಕ್ಟೀರಿಯಾಕ್ಕೆ ಇಲಿಯೂ ಬೇಡ, ಮಣ್ಣೇ ಮನೆ. ಮಳೆ ಜೋರಾದಾಗ ಮೇಲಿನ ಪದರಕ್ಕೆ ಬಂದು ಗಾಯದ ಮೂಲಕವೋ ಉಸಿರಿನ ಮೂಲಕವೋ ಮೈ ಸೇರುತ್ತದೆ. ಜ್ವರ, ಕೆಮ್ಮು, ಶ್ವಾಸಕೋಶದಲ್ಲಿ ಕಲೆ ನೋಡಿ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ತಿಂದು ಗುಣವಾಗದೆ ಬಂದವರಿದ್ದರು. ಕೆಲವರಿಗೆ ಪಿತ್ತಜನಕಾಂಗದಲ್ಲಿ, ಗುಲ್ಮದಲ್ಲಿ ಕೀವು ಕಟ್ಟಿರುತ್ತಿತ್ತು. ಸ್ಲೈಡಿನಲ್ಲಿ ಗುಲಾಬಿ ಕಡ್ಡಿ, ಎರಡು ತುದಿಗೆ ಬಣ್ಣ ಗಾಢವಾಗಿ ನಡು ಮಾಸಲಾಗಿ, ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಪ್ಲೇಟಿನಲ್ಲಿ ಕೆಲವು ದಿನ ಬಿಟ್ಟರೆ ಅದರ ಗುಂಪು ಒಣಗಿ ಸುಕ್ಕುಗಟ್ಟುತ್ತದೆ. ಅಷ್ಟು ದಿನ ಕಾಯದೆ ಪ್ಲೇಟನ್ನು ಬಿಸಾಡುವ ಲ್ಯಾಬಿಗೆ ಅದು ಸಿಗುವುದೇ ಇಲ್ಲ. ಮಣಿಪಾಲದಲ್ಲಿ ಡಾ. ಚಿರಂಜಯ್ ಮುಖ್ಯೋಪಾಧ್ಯಾಯ ಮತ್ತು ಅವರ ಜೊತೆಯವರು ಇದನ್ನು ಗುರುತಿಸುವುದನ್ನು ಊರೂರಿನ ಲ್ಯಾಬಿನವರಿಗೆ ಕಲಿಸಲು ಪಟ್ಟ ಶ್ರಮ ದೊಡ್ಡದು. ಇದಕ್ಕೆ ಸಾಮಾನ್ಯ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಮೊದಲು ಕೆಲವು ವಾರ ರಕ್ತನಾಳಕ್ಕೆ ಇಂಜೆಕ್ಷನ್, ಆಮೇಲೆ ಕನಿಷ್ಠ ಮೂರು ತಿಂಗಳು ಮಾತ್ರೆ ಬೇಕು.

ಇದನ್ನು ಇಷ್ಟು ವಿವರವಾಗಿ ಬರೆದದ್ದು ನಿನಗಿಂತ ನಿನ್ನ ಅಪ್ಪನಿಗಾಗಿ. ಈ ಕಾಯಿಲೆ ಹೆಚ್ಚು ಹಿಡಿಯುವುದು ಸಕ್ಕರೆ ಕಾಯಿಲೆ ಇದ್ದವರನ್ನು. ಅವರಿಗೆ ಸಕ್ಕರೆ ಇದೆ, ಕಾಲಿನ ಗಾಯ ಗೊತ್ತೂ ಆಗುವುದಿಲ್ಲ. ಮಗ ಗದ್ದೆಗೆ ಇಳಿದರೆ ಅವರು ಅಂಗಳದಲ್ಲಿ ಕೂರುವವರಲ್ಲ. ಅವರು ಕಟ್ಟಹುಣಿಯ ಮೇಲೆ ನಿಂತು ಹೇಳಿಕೊಡಲಿ. ಕೆಸರಿಗೆ ಇಳಿಯಬಾರದು. ನಾನು ಹೇಳಿದ್ದೇನೆಂದು ಹೇಳು, ಭಾವ ನನ್ನ ಮಾತು ತೆಗೆದುಹಾಕುವುದಿಲ್ಲ.

ನೀನು ಮೊಣಕಾಲಿನವರೆಗಿನ ಗಂಬೂಟು ಹಾಕು. ಕೆಸರಲ್ಲಿ ಬೂಟು ಹೂತು ನಡೆಯಲು ಕಷ್ಟವೆಂಬುದು ನನಗೂ ಗೊತ್ತು, ನೇಜಿ ನೆಡುವ ಹೆಂಗಸರು ಅದಕ್ಕೇ ಹಾಕುವುದಿಲ್ಲ. ಹಾಗಿದ್ದಲ್ಲಿ ಗಾಯವನ್ನು ನೀರು ಹೋಗದಂತೆ ಮುಚ್ಚಿಕೊಂಡು ಇಳಿಯಲಿ, ಗಾಯ ದೊಡ್ಡದಿದ್ದರೆ ಆ ವಾರ ಇಳಿಯದಿರಲಿ. ಕೆಲಸದವರಿಗೆ ಇದನ್ನು ಹೇಳುವ ಜವಾಬ್ದಾರಿ ಗದ್ದೆಯ ಯಜಮಾನನದು, ಅಂದರೆ ಇನ್ನು ಮೇಲೆ ನಿನ್ನದು. ಗದ್ದೆಯ ನೀರಿನಲ್ಲಿ ಮುಖ ತೊಳೆಯುವುದು, ಬಾಯಿ ಮುಕ್ಕಳಿಸುವುದು ಬೇಡ. ಮನೆಗೆ ಬಂದ ಕೂಡಲೇ ಬಾವಿ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ಕಾಲು ಒರೆಸಿಕೊಳ್ಳಿ. ನಿನ್ನ ಸ್ಯಾನಿಟೈಸರ್ ಇಲ್ಲಿ ಪ್ರಯೋಜನಕ್ಕೆ ಬಾರದು. ಕೆಸರು ಮೆತ್ತಿದ ಕೈಯಲ್ಲಿ ಅದು ಕೆಲಸ ಮಾಡುವುದಿಲ್ಲ, ಧನುರ್ವಾಯುವಿನಂಥ ಬ್ಯಾಕ್ಟೀರಿಯಾದ ಗಟ್ಟಿ ಬೀಜಕಗಳಿಗೆ ಆಲ್ಕೋಹಾಲ್ ತಾಗುವುದೂ ಇಲ್ಲ. ಹಟ್ಟಿಗೊಬ್ಬರದಲ್ಲಿ, ಮಣ್ಣಿನಲ್ಲಿ ಆ ಬೀಜಕಗಳು ವರ್ಷಗಟ್ಟಲೆ ಇರುತ್ತವೆ. ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು ಹತ್ತು ವರ್ಷವಾಗಿದ್ದರೆ ಈ ವಾರವೇ ಹಾಕಿಸಿಕೋ. ಇಲಿಜ್ವರ ಬಾರದಂತೆ ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವುದೂ ಉಂಟು. ಅದು ನಿಮಗೆ ಬೇಕೋ ಬೇಡವೋ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳು, ನೀನೇ ತೀರ್ಮಾನಿಸಬೇಡ.

ಆ ಡಾಕ್ಸಿಸೈಕ್ಲಿನ್‌ನ ಕುಲ ಎಲ್ಲಿಂದ ಬಂತು ಗೊತ್ತೇ? ಮಣ್ಣಿನ ಬ್ಯಾಕ್ಟೀರಿಯಾದಿಂದಲೇ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಕಾರಣವಾದ ಸ್ಟ್ರೆಪ್ಟೋಮೈಸಿಸ್ ಕುಲದ ಒಂದು ಜಾತಿಯಿಂದ 1948ರಲ್ಲಿ ಡಾಕ್ಸಿಸೈಕ್ಲಿನ್‌ನ ಹಿರಿಯ ಬಂಧುವಾದ ಆರಿಯೋಮೈಸಿನ್ ಬಂತು. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅದನ್ನು ಕಂಡವರು ಬೆಂಜಮಿನ್ ಡಗ್ಗರ್, ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮಣ್ಣಿನಿಂದ ಬರುವ ಜ್ವರಕ್ಕೆ ಮಣ್ಣಿನಿಂದಲೇ ಮದ್ದು ತೆಗೆದವರನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಅಂಥ ಔಷಧಿಯನ್ನು ನೆಗಡಿಗೆ ನುಂಗಬಾರದು ಮಗಾ. ನೆಗಡಿ ವೈರಸ್ಸಿನಿಂದ ಬರುತ್ತದೆ, ಆ್ಯಂಟಿಬಯೋಟಿಕ್ ಅದಕ್ಕೆ ಏನೂ ಮಾಡದು. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮದ್ದಿಗೆ ಬಗ್ಗುವವು ಸತ್ತು, ಬಗ್ಗದವು ಉಳಿದು ಹೆಚ್ಚುತ್ತವೆ. ಹಾಗೆ ಬದುಕುವ ಉಪಾಯವನ್ನು ಅವು ಪಕ್ಕದ ಬೇರೆ ಜಾತಿಗೂ ದಾಟಿಸುತ್ತವೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂತ್ರದ ಸೋಂಕಿನ ಪ್ಲೇಟಿನಲ್ಲಿ ಔಷಧಿಯ ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಅಗಲವಾದ ಖಾಲಿ ವೃತ್ತ ಕಾಣುತ್ತಿತ್ತು. ಬರಬರುತ್ತಾ ಒಂದೊಂದೇ ಬಿಲ್ಲೆಯ ಸುತ್ತಲಿನ ವೃತ್ತ ಕಿರಿದಾಯಿತು, ಕೆಲವು ಪ್ಲೇಟುಗಳಲ್ಲಿ ಬಿಲ್ಲೆಯ ಅಂಚಿನವರೆಗೂ ಹುಲುಸಾಗಿ ಬೆಳೆದದ್ದನ್ನು ಕಂಡು ನಾವು ಮಾತಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿದ್ದುಂಟು. ನಿನ್ನ ಬ್ಯಾಗಿನ ಪಟ್ಟಿಯನ್ನು ತೆಗೆದು ಹಿಂಬದಿ ನೋಡು, ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಮದ್ದು ಎಂದು ಅದರ ಅರ್ಥ. 2016ರಲ್ಲಿ ಕೇಂದ್ರ ಸರಕಾರ ಆ ಗೆರೆಯ ಬಗ್ಗೆ ಪ್ರಚಾರ ಶುರುಮಾಡಿತು. ಅದಲ್ಲದೆ, ಜ್ವರ ಬಂದಾಗ ನೀನು ಮೊದಲೇ ಎರಡು ಮಾತ್ರೆ ನುಂಗಿ ಬಂದರೆ ರಕ್ತದ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಕಾಯಿಲೆ ಒಳಗೇ ಇರುತ್ತದೆ, ಗುರುತು ಹಿಡಿಯಲು ಮಾತ್ರ ನಮಗೆ ಸಾಧ್ಯವಾಗುವುದಿಲ್ಲ.

ಆದ್ದರಿಂದ ಜ್ವರ ಬಂದರೆ ಎರಡನೆಯ ದಿನಕ್ಕೇ ಆಸ್ಪತ್ರೆಗೆ ಹೋಗು. ಡಾಕ್ಟರು ಕೇಳುವ ಮೊದಲೇ "ಇಂಥ ದಿನ ಗದ್ದೆಗೆ ಇಳಿದಿದ್ದೆ, ಕಾಲಲ್ಲಿ ಗಾಯವಿತ್ತು" ಎಂದು ಹೇಳು. ಪ್ಯಾಂಟು ಹಾಕಿ ಇಂಗ್ಲಿಷ್ ಮಾತಾಡುವ ಹುಡುಗನನ್ನು ನೋಡಿ ಅವನು ಕೆಸರಿಗೆ ಇಳಿದಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಇಲಿಜ್ವರದ ರಕ್ತಪರೀಕ್ಷೆ ಮೊದಲ ವಾರದಲ್ಲಿ ಇಲ್ಲವೆಂದೇ ತೋರಿಸಬಹುದು. ಆ ರಿಪೋರ್ಟು ಹಿಡಿದು ನೆಮ್ಮದಿಯಾಗಿ ಕೂರಬೇಡ, ಜ್ವರ ಬಿಡದಿದ್ದರೆ ಮತ್ತೆ ಮಾಡಿಸು. ಬ್ಯಾಗಿನಲ್ಲಿರುವ ಆ ಮಾತ್ರೆಯ ಪಟ್ಟಿಯನ್ನು ಅಮ್ಮನ ಕೈಗೆ ಕೊಟ್ಟುಬಿಡು.

ನೇಜಿ ನೆಡುವ ದಿನ ನಿಶ್ಚಯವಾದ ಮೇಲೆ ಫೋನು ಮಾಡು. ಹಿಂದಿನ ಸಂಜೆಯ ಬಸ್ಸಿಗೆ ಬರುತ್ತೇನೆ.

ಇತಿ, ನಿನ್ನ
ದೊಡ್ಡಮ್ಮ